ಕ್ರೀಡಾ ವಿಡಿಯೋ ಗೇಮ್‌ಗಳು: ಆಟದ ನೈಜತೆ ಮೊದಲೋ, ಪ್ರಸಾರದ ಮೆರುಗು ಮೊದಲೋ?

ಮೂರನೇ ಸ್ಲಿಪ್:

ಹೊಸ ಕ್ರೀಡಾ ಗೇಮ್ ಬಂದಾಗಲೆಲ್ಲ ನಮ್ಮಲ್ಲಿ ಅದೇ ವಾದ ಮತ್ತೆ ಹೊತ್ತಿಕೊಳ್ಳುತ್ತದೆ. ಚೆಂಡು ನಿಜವಾದ ಚೆಂಡಿನಂತೆ ಪುಟಿದರೆ ಸಾಕು, ಉಳಿದದ್ದೆಲ್ಲ ಅಲಂಕಾರ ಎನ್ನುವವರು ಒಂದು ಕಡೆ ನಿಲ್ಲುತ್ತಾರೆ. ಕಾಮೆಂಟರಿ, ಪ್ರೇಕ್ಷಕರ ಗದ್ದಲ, ರಿಪ್ಲೇ, ಸ್ಕೋರ್‌ಬೋರ್ಡ್ ಇವೆಲ್ಲ ಟಿವಿಯಲ್ಲಿ ಕಾಣುವಂತೆ ಇರದಿದ್ದರೆ ಪಂದ್ಯ ಆಡಿದ ಹಾಗೆಯೇ ಅನ್ನಿಸುವುದಿಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಎರಡೂ ಕಡೆ ಇದ್ದು ಬಂದವನು. ಈಗ ನನಗೆ ಅನ್ನಿಸುವುದೇನೆಂದರೆ, ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಕಾಮೆಂಟರಿ, ರಿಪ್ಲೇಗಳಂಥ ಪ್ರಸ್ತುತಿಯು ಪಂದ್ಯದೊಳಗಿನಿಂದ ಹುಟ್ಟಿದೆಯೋ, ಹೊರಗಿನಿಂದ ತಂದು ಅಂಟಿಸಿದ್ದೋ ಎಂದು ಕೇಳಬೇಕು.

ಕ್ರಿಕೆಟ್ಟನ್ನೇ ತೆಗೆದುಕೊಳ್ಳೋಣ. ಟಿವಿ ಪ್ರಸಾರದ ಮುಖ್ಯ ಕ್ಯಾಮೆರಾ ಬೌಲರ್‌ನ ಬೆನ್ನ ಹಿಂದೆ, ಬೌಂಡರಿಯಾಚೆ, ಎತ್ತರದಲ್ಲಿರುತ್ತದೆ. ಅಷ್ಟು ದೂರದಿಂದ ಉದ್ದನೆಯ ಲೆನ್ಸ್‌ನಲ್ಲಿ ಹಿಡಿದಾಗ 20.12 ಮೀಟರ್ ಉದ್ದದ ಪಿಚ್ ಮುದುಡಿಕೊಂಡಂತೆ ಕಾಣುತ್ತದೆ. ಗುಡ್ ಲೆಂಗ್ತ್‌ಗೂ ಶಾರ್ಟ್ ಪಿಚ್‌ಗೂ ಇರುವ ಅಂತರ ಪರದೆಯ ಮೇಲೆ ಒಂದು ಬೆರಳಿನಷ್ಟಾಗುತ್ತದೆ. ನೋಡುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ಏಕೆಂದರೆ ಅವನು ಬ್ಯಾಟ್ ಬೀಸಬೇಕಾಗಿಲ್ಲ. ಆಡುವವನಿಗೆ ಮಾತ್ರ ಲೆಂಗ್ತ್ ಗುರುತಿಸುವುದೇ ಬ್ಯಾಟಿಂಗ್‌ನ ಜೀವಾಳ, ಮತ್ತು ಈ ಕ್ಯಾಮೆರಾ ಅದನ್ನೇ ಮರೆಮಾಡುತ್ತದೆ.

ಈ ತೊಡಕಿಗೆ ಹಳೆಯ ಗೇಮ್‌ಗಳು ಕಂಡುಕೊಂಡ ಉಪಾಯವೆಂದರೆ ಚೆಂಡು ಬೀಳುವ ಜಾಗದಲ್ಲಿ ಮೊದಲೇ ಒಂದು ಗುರುತು ತೋರಿಸುವುದು. 2006ರಲ್ಲಿ ಬಂದ ಕ್ರಿಕೆಟ್ 07 ಅನ್ನು ನಮ್ಮಲ್ಲಿ ಎಷ್ಟೋ ಮಂದಿ ಆ ಗುರುತನ್ನೇ ನಂಬಿ ಆಡಿದ್ದೇವೆ. ಅಂದರೆ ಬೌಲರ್‌ನ ಕೈಯನ್ನು ಬಿಟ್ಟು ನೆಲವನ್ನು ನೋಡಿ ಬ್ಯಾಟ್ ಮಾಡುವುದನ್ನು ಕಲಿತೆವು. 2014ರ ಡಾನ್ ಬ್ರಾಡ್ಮನ್ ಕ್ರಿಕೆಟ್ 14 ಆ ಗುರುತನ್ನು ತೆಗೆದು, ಬೌಲಿಂಗನ್ನು ಕಂಟ್ರೋಲರಿನ ಎರಡು ಸ್ಟಿಕ್‌ಗಳ ಚಲನೆಗೆ ಒಪ್ಪಿಸಿದಾಗ ಮೊದಲ ವಾರವಿಡೀ ನಾನು ಎರಡಂಕಿ ದಾಟಲಿಲ್ಲ. ಕ್ಯಾಮೆರಾವನ್ನು ಬ್ಯಾಟ್ಸ್‌ಮನ್‌ನ ಬೆನ್ನ ಹಿಂದಕ್ಕೆ ತಂದುಕೊಂಡ ಮೇಲೆಯೇ ಚೆಂಡು ನನ್ನತ್ತ ಬರುತ್ತಿದೆ ಎಂಬ ಭಾವ ಹುಟ್ಟಿದ್ದು. ಪರದೆಯ ನೋಟ ಟಿವಿಯಿಂದ ದೂರ ಸರಿಯಿತು, ಆದರೆ ಆಟ ಕ್ರಿಕೆಟ್‌ಗೆ ಹತ್ತಿರವಾಯಿತು. ಬೇಸ್‌ಬಾಲ್ ಆಡುವವರಿಗೂ ಇದು ಹೊಸದಲ್ಲ. ಎಂಎಲ್‌ಬಿ ದ ಶೋ ಗೇಮ್‌ನಲ್ಲಿ ಗಂಭೀರವಾಗಿ ಬ್ಯಾಟ್ ಬೀಸುವವರು, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ಹತ್ತಿರದ ಸ್ಟ್ರೈಕ್ ಝೋನ್ ನೋಟವನ್ನು ಆರಿಸಿಕೊಳ್ಳುತ್ತಾರೆಯೇ ಹೊರತು ಪ್ರಸಾರದ ನೋಟವನ್ನಲ್ಲ.

ಹಾಗಾಗಿ ಯಾವ ಪ್ರಸ್ತುತಿಯ ಅಂಶ ಬಂದರೂ ನಾನು ಎರಡು ವಿಷಯ ನೋಡುತ್ತೇನೆ. ಆಡುವವನ ಕಣ್ಣಿನಿಂದ, ಕೈಯಿಂದ, ಸಮಯದಿಂದ ಅದು ಏನನ್ನಾದರೂ ಕಸಿದುಕೊಳ್ಳುತ್ತಿದೆಯೇ? ನಾನು ಆಡಿದ ಈ ಪಂದ್ಯದಲ್ಲಿ ನಡೆದದ್ದನ್ನು ಕಂಡು ಅದು ಮಾತನಾಡುತ್ತಿದೆಯೇ? ಉಳಿದವರ ಅನುಭವ ತಿಳಿಯುವ ಆಸೆಯಿದೆ.

ಎಡಗಾಲಿನ ವಿಂಗರ್:

ನಿಮ್ಮ ಮಾತು ಒಪ್ಪುತ್ತೇನೆ, ಆದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಸಂಪನ್ಮೂಲ ಸೀಮಿತವಾಗಿರುವಾಗ ಎಲ್ಲವನ್ನೂ ಆಟದ ಮೇಲೆಯೇ ಸುರಿಯಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತು ಇಂದಿನ ಹಲವು ಗೇಮ್‌ಗಳಿಗೆ ಹೊಲಿಸಿಟ್ಟ ಅಂಗಿಯಂತೆ ಹೊಂದುತ್ತದೆ.

ನನ್ನ ಆಧಾರ ಪ್ರೊ ಎವಲ್ಯೂಷನ್ ಸಾಕರ್ ಎಂಬ ಫುಟ್ಬಾಲ್ ಗೇಮ್ ಸರಣಿ. ಅದರ ತಯಾರಕ ಕೊನಾಮಿಯ ಬಳಿ ಬಹುತೇಕ ಕ್ಲಬ್‌ಗಳ ಪರವಾನಗಿ ಇರಲಿಲ್ಲ. ಲಿವರ್‌ಪೂಲ್ ತಂಡ ಮರ್ಸಿಸೈಡ್ ರೆಡ್ ಎಂಬ ಹೆಸರಿನಲ್ಲಿ ಮೈದಾನಕ್ಕಿಳಿಯುತ್ತಿತ್ತು. ಲಾಂಛನಗಳು ಕಲ್ಪಿತ, ಜೆರ್ಸಿಗಳು ಕಲ್ಪಿತ, ಕಾಮೆಂಟರಿಯಲ್ಲಿ ಅದೇ ನಾಲ್ಕಾರು ವಾಕ್ಯಗಳ ಪುನರಾವರ್ತನೆ. ಆದರೂ ಐದನೆಯ ಮತ್ತು ಆರನೆಯ ಆವೃತ್ತಿಗಳನ್ನು ಜನ ವರ್ಷಗಟ್ಟಲೆ ಬಿಡಲಿಲ್ಲ, ಏಕೆಂದರೆ ಪಾಸ್‌ಗೆ ತೂಕವಿತ್ತು, ಮೊದಲ ಸ್ಪರ್ಶ ಕೆಟ್ಟರೆ ಅದಕ್ಕೆ ದಂಡ ತೆರಬೇಕಾಗುತ್ತಿತ್ತು, ದೇಹವನ್ನು ಯಾವ ಕೋನದಲ್ಲಿ ತಿರುಗಿಸಿ ಹೊಡೆದೆವು ಎಂಬುದು ಚೆಂಡಿನ ದಾರಿಯಲ್ಲಿ ಕಾಣುತ್ತಿತ್ತು. ಕೊರತೆಯಿದ್ದ ಹೆಸರು, ಜೆರ್ಸಿ, ಲಾಂಛನಗಳನ್ನು ಗೇಮ್ ಆಡುವವರೇ ತಯಾರಿಸಿ ಹಂಚಿಕೊಂಡ ಆಪ್ಷನ್ ಫೈಲ್‌ಗಳ ಮೂಲಕ ತುಂಬಿಕೊಂಡರು. ಕ್ರಿಕೆಟ್ 07 ಕೂಡ ಹೊಸ ತಂಡಗಳು, ಹೊಸ ಮುಖಗಳು, ಹೊಸ ಸ್ಕೋರ್‌ಬೋರ್ಡ್‌ಗಳ ಪ್ಯಾಚ್‌ಗಳಿಂದಲೇ ಇಷ್ಟು ಕಾಲ ಉಳಿದುಬಂದಿದೆ.

ಆದ್ದರಿಂದ ನನ್ನ ವಾದ ಇಷ್ಟೆ. ಅಂಗಿ ಹೊಲಿಯುವುದು ನಮ್ಮ ಕೈಯಲ್ಲಾಗುತ್ತದೆ, ಮೂಳೆ ಜೋಡಿಸುವುದು ಆಗುವುದಿಲ್ಲ. ನಾವು ಮಾಡಲಾಗದ ಕೆಲಸವನ್ನು ತಯಾರಕರು ಮೊದಲು ಮಾಡಲಿ.

ಬೆಂಚಿನ ಕೋಚ್:

ಸಣ್ಣ ತಿದ್ದುಪಡಿ. ಕಂಪ್ಯೂಟರ್‌ನಲ್ಲಿ ಆಡುವವರು ಚೆಂಡಿನ ವೇಗ, ಆಟಗಾರರ ಚುರುಕುತನ ಇಂಥವುಗಳನ್ನು ಬದಲಿಸುವ ಗೇಮ್‌ಪ್ಲೇ ಮಾಡ್‌ಗಳನ್ನೂ ಮಾಡಿದ್ದಾರೆ. ಇನ್ನೊಂದು ಕಡೆ, ಕನ್ಸೋಲ್‌ನಲ್ಲಿ ಆಡುವವರಿಗೆ ಜೆರ್ಸಿ ಬದಲಿಸುವ ಸ್ವಾತಂತ್ರ್ಯವೂ ಎಲ್ಲ ಗೇಮ್‌ಗಳಲ್ಲಿ ಇಲ್ಲ. ಕಾಮೆಂಟರಿಯನ್ನಂತೂ ಮನೆಯಲ್ಲಿ ಕುಳಿತು ಹೊಸದಾಗಿ ಕಟ್ಟುವುದು ಬಹುತೇಕರಿಂದ ಆಗದ ಕೆಲಸ. ಹಾಗಾಗಿ ಅಂಗಿ ಮತ್ತು ಮೂಳೆಯ ಗೆರೆ ನೀವು ಹೇಳಿದಷ್ಟು ನೇರವಾಗಿಲ್ಲ.

ಸ್ಲೈಡರ್ ಪ್ರಿಯ:

ಇಲ್ಲಿಯವರೆಗೆ ಯಾರೂ ಮುಟ್ಟದ ವಿಷಯವೊಂದಿದೆ, ಅದು ಸಮಯ. ಈ ಎರಡರ ನಡುವಿನ ಅಸಲಿ ಘರ್ಷಣೆ ಅಲ್ಲಿಯೇ ಇದೆ ಎಂದು ನನ್ನ ನಂಬಿಕೆ.

ಫುಟ್ಬಾಲ್ ಪಂದ್ಯ 90 ನಿಮಿಷದ್ದು. ನಾವು ಸಾಮಾನ್ಯವಾಗಿ ಆರು ನಿಮಿಷದ ಎರಡು ಅರ್ಧಗಳನ್ನು ಆಡುತ್ತೇವೆ, ಅಂದರೆ 12 ನಿಮಿಷ. ದೊಡ್ಡ ಲೀಗ್‌ಗಳಲ್ಲಿ ಒಂದು ಪಂದ್ಯಕ್ಕೆ ಸರಾಸರಿ ಎರಡೂವರೆಯಿಂದ ಮೂರು ಗೋಲುಗಳು ಬರುತ್ತವೆ. ಅದೇ ಗತಿಯಲ್ಲಿ 12 ನಿಮಿಷ ಆಡಿದರೆ ಮೂರು ಪಂದ್ಯಕ್ಕೆ ಒಂದು ಗೋಲು ಬಂದೀತು. ನಿಜವಾದ ಪಂದ್ಯದಲ್ಲಿ ಚೆಂಡು ಆಟದಲ್ಲಿರುವುದು ಒಂದು ಗಂಟೆಗಿಂತ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಎರಡು ಪಂದ್ಯಕ್ಕೆ ಹೆಚ್ಚುಕಡಿಮೆ ಒಂದು ಗೋಲಷ್ಟೇ. ಅಂಥ ಗೇಮನ್ನು ಯಾರೂ ಆಡಲಾರರು. ಹಾಗಾಗಿ ತಯಾರಕರು ರಕ್ಷಣಾ ಸಾಲನ್ನು ಸ್ವಲ್ಪ ಸಡಿಲಿಸುತ್ತಾರೆ, ಪಾಸ್‌ಗಳನ್ನು ಹೆಚ್ಚು ನಿಖರವಾಗಿಸುತ್ತಾರೆ, ಓಟವನ್ನು ವೇಗಗೊಳಿಸುತ್ತಾರೆ. ಪಂದ್ಯದ ಕೊನೆಯಲ್ಲಿ ಪರದೆಯ ಮೇಲೆ 2–1 ಎಂದು ಬಂದಾಗ ಅದು ನಿಜವಾದ ಫಲಿತಾಂಶದಂತೆ ಕಾಣಬೇಕೆಂಬುದಕ್ಕಾಗಿ ಅದರ ಹಿಂದಿನ ಪ್ರತಿ ನಿಮಿಷವನ್ನೂ ತಿರುಚಲಾಗಿದೆ. ಸ್ಕೋರಿನ ನೈಜತೆಯನ್ನು ಉಳಿಸಿಕೊಳ್ಳಲು ಆಟದ ನೈಜತೆಯನ್ನು ಒತ್ತೆಯಿಟ್ಟಂತೆ ಇದು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಇನ್ನೂ ಸ್ಪಷ್ಟ. ಎನ್‌ಬಿಎ ಪಂದ್ಯದಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್‌ಗಳಿದ್ದು, ಒಂದು ತಂಡಕ್ಕೆ ಸುಮಾರು 100 ಸಲ ಚೆಂಡಿನ ಸರದಿ ಸಿಗುತ್ತದೆ. ಐದು ನಿಮಿಷದ ಕ್ವಾರ್ಟರ್ ಆಡಿದರೆ ಅದು 40ರ ಆಸುಪಾಸಿಗೆ ಇಳಿಯುತ್ತದೆ. ಈಗ ಒಂದು ಇಡೀ ಸೀಸನ್ ಆಡುತ್ತಿದ್ದೀರಿ ಎಂದುಕೊಳ್ಳಿ. ನೀವು ಆಡಿದ ಪಂದ್ಯಗಳು 20 ನಿಮಿಷದವು, ಉಳಿದ ತಂಡಗಳ ಪಂದ್ಯಗಳನ್ನು ಕಂಪ್ಯೂಟರ್ ಪೂರ್ಣ 48 ನಿಮಿಷದ ಲೆಕ್ಕದಲ್ಲಿ ಮುಗಿಸುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ನಿಮ್ಮ ತಾರಾ ಆಟಗಾರ, ಆಟಗಾರರು ಗಳಿಸಿದ ಅಂಕಗಳ ಪಟ್ಟಿಯ ಕೆಳಗೆ ಜಾರಿರುತ್ತಾನೆ. ಹಿಂದಿನ ರಾತ್ರಿ ಅವನಿಂದಲೇ ಪಂದ್ಯ ಗೆದ್ದ ನಾನು ಮರುದಿನ ಕಾಮೆಂಟರಿಯಲ್ಲಿ ಅವನ ಫಾರ್ಮ್ ಕುಸಿದಿದೆ ಎಂಬ ಚಿಂತೆಯ ಮಾತು ಕೇಳಿದ್ದೇನೆ. ಕಾಮೆಂಟರಿಯ ಧ್ವನಿ ಅಚ್ಚುಕಟ್ಟು, ವಾಕ್ಯ ಅಚ್ಚುಕಟ್ಟು, ವಿಷಯ ಮಾತ್ರ ಸುಳ್ಳು.

ಮೂರನೇ ಸ್ಲಿಪ್ ಅವರು ಹೇಳುವ ಪಂದ್ಯದೊಳಗಿನಿಂದ ಹುಟ್ಟುವ ಪ್ರಸ್ತುತಿ ಬೇಕೆಂದರೆ ಮೊದಲು ಈ ಲೆಕ್ಕ ಸರಿಹೋಗಬೇಕು. ನಾನು ಮಾಡುವುದು ಹೀಗೆ: ಕಂಪ್ಯೂಟರ್ ಆಡಿ ಮುಗಿಸುವ ಪಂದ್ಯಗಳ ಕ್ವಾರ್ಟರ್ ಉದ್ದ ಬದಲಿಸುವ ಅವಕಾಶವಿರುವ ಗೇಮ್‌ಗಳಲ್ಲಿ ಅದನ್ನು ನಾನು ಆಡುವ ಉದ್ದಕ್ಕೆ ಸಮ ಮಾಡುತ್ತೇನೆ. ಇಲ್ಲದಿದ್ದರೆ ನನ್ನ ಕ್ವಾರ್ಟರ್‌ಗಳನ್ನೇ ಹಿಗ್ಗಿಸಿ, ಆಟದ ವೇಗದ ಸ್ಲೈಡರನ್ನು (ಗೇಮ್‌ನ ಒಂದೊಂದು ಗುಣವನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಎರಡು ಮೂರು ಅಂಕ ಇಳಿಸಿ, ಆಮೇಲೆ ಶಾಟ್ ಯಶಸ್ಸಿನ ಸ್ಲೈಡರನ್ನು ಒಂದೊಂದೇ ಅಂಕ ಬದಲಿಸಿ ಹತ್ತು ಪಂದ್ಯ ಆಡಿ ನೋಡುತ್ತೇನೆ. ಒಂದೇ ಸಲಕ್ಕೆ ಎರಡು ಸ್ಲೈಡರ್ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಬೆಂಚಿನ ಕೋಚ್:

ನೀವು ಹೇಳಿದ್ದು ಓದಿದ ಮೇಲೆ ನನ್ನ ಸೀಸನ್ ತೆರೆದು ನೋಡಿದೆ. ಲೀಗ್‌ನ ಆಟಗಾರರ ಅಂಕಪಟ್ಟಿಯ ಮೊದಲ 20 ಸ್ಥಾನಗಳಲ್ಲಿ ನನ್ನ ತಂಡದ ಒಬ್ಬನೂ ಇಲ್ಲ, ಆದರೆ ತಂಡ ಎರಡನೆಯ ಸ್ಥಾನದಲ್ಲಿದೆ. ಇಷ್ಟು ದಿನ ನಾನು ಸಮಬಲದ ತಂಡ ಕಟ್ಟಿದ್ದೇನೆ ಎಂದೇ ಸಂತೋಷಪಡುತ್ತಿದ್ದೆ.

ಫ್ರೇಮ್ ಎಣಿಸುವವ:

ಎಡಗಾಲಿನ ವಿಂಗರ್ ಅವರ ವಾದದ ಅಡಿಯಲ್ಲಿ ಒಂದು ಊಹೆಯಿದೆ: ಪ್ರಸ್ತುತಿಗೆ ಖರ್ಚಾದದ್ದೆಲ್ಲ ಆಟದ ಪಾಲಿನಿಂದ ಕಡಿತವಾಗುತ್ತದೆ ಎಂದು. ಅದು ಅರ್ಧ ಮಾತ್ರ ನಿಜ. ಕಾಮೆಂಟರಿ ಬರೆಯುವವರು ಚೆಂಡಿನ ಭೌತಶಾಸ್ತ್ರ ಬರೆಯುವವರಲ್ಲ. ಒಬ್ಬರನ್ನು ಕೈಬಿಟ್ಟ ಮಾತ್ರಕ್ಕೆ ಇನ್ನೊಬ್ಬರ ಕೆಲಸ ಸುಧಾರಿಸುವುದಿಲ್ಲ. ಆದರೆ ಎರಡೂ ಕೆಲಸಗಳು ಹಂಚಿಕೊಳ್ಳಲೇಬೇಕಾದ ಕೆಲವು ಸಂಗತಿಗಳಿವೆ: ಯಂತ್ರದ ಸಾಮರ್ಥ್ಯ, ಮೆಮೊರಿ, ಪರೀಕ್ಷೆಗೆ ಸಿಗುವ ವಾರಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಫ್ರೇಮ್‌ಗೆ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೆ, ಸಿಗುವ ಅವಧಿ.

ಸೆಕೆಂಡಿಗೆ 60 ಫ್ರೇಮ್‌ಗಳ ಗೇಮ್‌ನಲ್ಲಿ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. 30 ಫ್ರೇಮ್‌ಗಳಾದರೆ 33.3. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್‌ನ ಕೈ ಬಿಟ್ಟು ಬ್ಯಾಟ್ಸ್‌ಮನ್ ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಸಾಕು. ಅಂದರೆ ಆಡುವವನ ಕಣ್ಣಿಗೆ ಒಂದು ಕಡೆ ಸುಮಾರು 30 ಚಿತ್ರಗಳು ಸಿಗುತ್ತವೆ, ಇನ್ನೊಂದು ಕಡೆ ಸುಮಾರು 15. ಇದಕ್ಕೆ ಟಿವಿ ತನ್ನ ಚಿತ್ರ ಸಂಸ್ಕರಣೆಗೆ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಇನ್ನೂ ಆರು ಫ್ರೇಮ್ ಹೋದವೆಂದೇ ಲೆಕ್ಕ. ಹುಲ್ಲಿನ ಎಸಳು, ಬೆವರಿನ ಹನಿ, ಜೆರ್ಸಿಯ ನೆರಿಗೆ ಇವುಗಳಿಗಾಗಿ ಆಟದ ನಡುವೆ ಫ್ರೇಮ್ ದರ ತಗ್ಗಿತೆಂದರೆ ಅದು ಬರಿಯ ಸೌಂದರ್ಯದ ಆಯ್ಕೆಯಾಗಿ ಉಳಿಯುವುದಿಲ್ಲ, ಬ್ಯಾಟ್ಸ್‌ಮನ್‌ನ ಕಣ್ಣನ್ನೇ ಮಂದಗೊಳಿಸಿದಂತಾಗುತ್ತದೆ. ಇದನ್ನು ಅರಿತವರು ಆಟವನ್ನು 60ರಲ್ಲಿ ಓಡಿಸಿ, ರಿಪ್ಲೇ ಮತ್ತು ಸಂಭ್ರಮದ ದೃಶ್ಯಗಳನ್ನು ಮಾತ್ರ 30ಕ್ಕೆ ಇಳಿಸಿ, ಉಳಿದ ಶಕ್ತಿಯನ್ನು ಅಲ್ಲಿಯ ಬೆಳಕು ನೆರಳಿಗೆ ಬಳಸುತ್ತಾರೆ. ಆಡುವವನ ಕೈ ಖಾಲಿಯಿರುವಾಗ ಮೆರುಗು ತೋರಿಸುವ ಈ ಕ್ರಮ ನನಗೆ ತುಂಬ ಹಿಡಿಸುತ್ತದೆ.

ಇನ್ನು ಅನಿಮೇಶನ್. ನೈಜತೆಯ ಪಕ್ಷದವರು ಇದನ್ನು ಎದುರಿಸಲೇಬೇಕು, ಏಕೆಂದರೆ ಇಲ್ಲಿ ನೈಜತೆಯೇ ಎರಡಾಗಿ ಒಡೆಯುತ್ತದೆ. ಪೂರ್ಣ ವೇಗದಲ್ಲಿ ಓಡುತ್ತಿರುವ ಮನುಷ್ಯ ತಟ್ಟನೆ ಹಿಂದೆ ತಿರುಗಲಾರ. ಎರಡು ಮೂರು ಹೆಜ್ಜೆ ಇಟ್ಟು ವೇಗ ಕಳೆದುಕೊಂಡು, ಸೊಂಟ ತಗ್ಗಿಸಿ ತಿರುಗುತ್ತಾನೆ. ಅದನ್ನು ಹಾಗೆಯೇ ತೋರಿಸಿದರೆ ನೋಟ ಸಹಜ, ಆದರೆ ಸ್ಟಿಕ್ ತಿರುಗಿಸಿದ ಕ್ಷಣಕ್ಕೂ ಆಟಗಾರ ತಿರುಗುವ ಕ್ಷಣಕ್ಕೂ ನಡುವೆ ದೊಡ್ಡ ಬಿರುಕು ಬೀಳುತ್ತದೆ. ನಿಜವಾದ ಆಟಗಾರ ತಿರುಗಬೇಕೆಂದು ಮುಂಚೆಯೇ ನಿರ್ಧರಿಸಿರುತ್ತಾನೆ, ಅವನ ದೇಹ ಸಿದ್ಧವಾಗಿರುತ್ತದೆ. ನಮ್ಮ ಹೆಬ್ಬೆರಳಿಗೆ ಆ ಮುನ್ಸೂಚನೆ ಕೊಡುವ ದಾರಿಯೇ ಇಲ್ಲ. ದೇಹದ ನೈಜತೆಯನ್ನು ಉಳಿಸಿದರೆ ಮನಸ್ಸಿನ ನೈಜತೆ ಹೋಗುತ್ತದೆ, ಮನಸ್ಸಿನದನ್ನು ಉಳಿಸಿದರೆ ಆಟಗಾರರು ಮಂಜುಗಡ್ಡೆಯ ಮೇಲೆ ಜಾರುವಂತೆ ಕಾಣುತ್ತಾರೆ. 2021ರ ಫಿಫಾ 22ರಲ್ಲಿ 22 ಆಟಗಾರರಿಗೆ ಚಲನೆ ಅಳೆಯುವ ಉಡುಪು ತೊಡಿಸಿ ಪೂರ್ಣ ಪಂದ್ಯದ ತೀವ್ರತೆಯಲ್ಲಿ ಆಡಿಸಿ, ಆ ದತ್ತಾಂಶದಿಂದ ಚಲನೆಗಳನ್ನು ರೂಪಿಸಿದರು. ಆ ಚಲನೆಗಳು ಪ್ರಸ್ತುತಿಯೋ, ಆಟವೋ? ಪರದೆಯ ಮೇಲೆ ಕಾಣುವುದೂ ಅದೇ, ಕೈಗೆ ಸಿಗುವುದೂ ಅದೇ. ಇಲ್ಲಿ ಬೇಲಿ ಹಾಕಲು ನನಗಂತೂ ಸಾಧ್ಯವಾಗಿಲ್ಲ.

ಕಿವಿಯಿಂದ ಆಡುವವಳು:

ನನ್ನ ದೃಷ್ಟಿ ಬಹಳ ಮಂದ. ಚೆಂಡು ಪರದೆಯ ಮಧ್ಯದಲ್ಲಿರುವವರೆಗೆ ಒಂದು ಬಿಳಿಯ ಚುಕ್ಕೆಯಂತೆ ಕಾಣುತ್ತದೆ, ಅಂಚಿಗೆ ಹೋದರೆ ಕಳೆದುಹೋಗುತ್ತದೆ. ಪ್ರಸ್ತುತಿಯನ್ನು ಅಲಂಕಾರ ಎಂದು ಕರೆದ ಮಾತುಗಳನ್ನು ಓದಿ ನನ್ನ ಅನುಭವ ಬರೆಯಲೇಬೇಕೆನ್ನಿಸಿತು.

ಬ್ಯಾಟಿನ ನಡುವಿಗೆ ತಾಗಿದ ಸದ್ದು, ಅಂಚಿಗೆ ತಾಗಿದ ಸದ್ದು, ಪ್ಯಾಡ್‌ಗೆ ಬಡಿದ ಮಂಕಾದ ಸದ್ದು ಇವು ಮೂರೂ ಬೇರೆ ಬೇರೆಯಾಗಿ ಕೇಳಿದರೆ ಮಾತ್ರ ಓಡಬೇಕೋ ನಿಲ್ಲಬೇಕೋ ನನಗೆ ತಿಳಿಯುತ್ತದೆ. ಫುಟ್ಬಾಲ್‌ನಲ್ಲಿ ಎದುರಾಳಿ ಬಲಬದಿಯಿಂದ ನುಗ್ಗುತ್ತಿದ್ದಾನೆಂದು ನನಗೆ ಮೊದಲು ಹೇಳುವುದು ಹೆಡ್‌ಫೋನ್‌ನ ಬಲಗಿವಿಯಲ್ಲಿ ಏರುವ ಪ್ರೇಕ್ಷಕರ ದನಿ. ಕಾಮೆಂಟರಿಯವರು ಚೆಂಡು ಹಿಡಿದವನ ಹೆಸರು ಹೇಳುತ್ತಾ ಹೋದರೆ ನನ್ನ ಮನಸ್ಸಿನಲ್ಲಿ ಮೈದಾನದ ನಕ್ಷೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದೇ ಕಾಮೆಂಟರಿ ಚೆಂಡು ಗೋಲಿನ ಮುಂದಿನ ಬಾಕ್ಸ್ ತಲುಪಿರುವಾಗಲೂ ತರಬೇತುದಾರನ ಹಳೆಯ ಕಥೆ ಹೇಳುತ್ತಿದ್ದರೆ ನಾನು ಕುರುಡಾಗುತ್ತೇನೆ. ನಿಮಗೆ ಅದು ಬೇಸರದ ವಿಷಯವಿರಬಹುದು, ನನಗೆ ಅದು ಗೋಲು ಬಿಟ್ಟುಕೊಡುವ ವಿಷಯ.

ಮೂರನೇ ಸ್ಲಿಪ್ ಅವರು ಕಣ್ಣು, ಕೈ, ಸಮಯ ಎಂದರು. ಕಿವಿಯನ್ನೂ ಸೇರಿಸಿಕೊಳ್ಳಿ. ಪ್ರೇಕ್ಷಕರ ಸದ್ದು, ಕಾಮೆಂಟರಿ, ಮೈದಾನದ ಸದ್ದು ಈ ಮೂರಕ್ಕೂ ಪ್ರತ್ಯೇಕ ಧ್ವನಿ ನಿಯಂತ್ರಣವಿಲ್ಲದ ಗೇಮನ್ನು ನಾನು ಈಗ ತೆಗೆದುಕೊಳ್ಳುವುದೇ ಇಲ್ಲ.

ಮೂರನೇ ಸ್ಲಿಪ್:

ಕಿವಿಯನ್ನು ಮರೆತದ್ದು ನನ್ನ ದೊಡ್ಡ ತಪ್ಪು. ನಿಮ್ಮ ಮಾತು ನನ್ನ ವಾದವನ್ನೇ ತಿದ್ದಿತು. ಪ್ರಸ್ತುತಿ ಆಟದಿಂದ ಏನನ್ನೂ ಕಸಿಯದಿದ್ದರೆ ಸಾಕು ಎಂದುಕೊಂಡಿದ್ದೆ. ಅದು ಆಟಕ್ಕೆ ಮಾಹಿತಿ ಕೊಡಬಲ್ಲದು ಎಂಬುದು ನನಗೆ ಹೊಳೆದಿರಲಿಲ್ಲ.

ಈ ದಾರಿಯಲ್ಲಿ ಯೋಚಿಸಿದಾಗ 2024ರ ಕಾಲೇಜ್ ಫುಟ್ಬಾಲ್ 25 ನೆನಪಾಯಿತು. ಅಮೆರಿಕನ್ ಕಾಲೇಜು ಫುಟ್ಬಾಲ್‌ನ ಆಕರ್ಷಣೆಯಲ್ಲಿ ಅರ್ಧ ಅದರ ಕ್ರೀಡಾಂಗಣಗಳದ್ದೇ: ಬ್ಯಾಂಡ್, ತಂಡದ ಹಾಡು, ಕಿವಿಗಡಚಿಕ್ಕುವ ಗದ್ದಲ. ಆ ಗೇಮ್‌ನಲ್ಲಿ 134 ಕಾಲೇಜು ತಂಡಗಳಿದ್ದವು. ಎದುರಾಳಿಯ ಅಂಗಳದಲ್ಲಿ ಗದ್ದಲ ಏರಿದಂತೆಲ್ಲ ಪರದೆ ನಡುಗುತ್ತದೆ, ಎಸೆತ ಹಿಡಿಯುವ ರಿಸೀವರ್‌ಗಳು ಓಡಬೇಕಾದ ದಾರಿ ತೋರಿಸುವ ಗೆರೆಗಳು ಅಂಕುಡೊಂಕಾಗುತ್ತವೆ, ಯಾರಿಗೆ ಎಸೆಯಬೇಕೆಂಬ ಗುರುತುಗಳು ಮಸುಕಾಗುತ್ತವೆ. ಚೆಂಡು ಎಸೆಯುವ, ಅನುಭವವಿಲ್ಲದ ಕ್ವಾರ್ಟರ್‌ಬ್ಯಾಕ್ ಅಲ್ಲಿ ತಬ್ಬಿಬ್ಬಾಗುವುದನ್ನು ಕಾಮೆಂಟರಿ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ತಬ್ಬಿಬ್ಬು ಆಡುವವನ ಎದೆಯಲ್ಲೇ ಹುಟ್ಟುತ್ತದೆ. ಎರಡು ಪಾಯಿಂಟ್ ಹಿಂದಿದ್ದು ಕೊನೆಯ ನಿಮಿಷದಲ್ಲಿ ಚೆಂಡು ಕೈಗೆ ಬಂದಾಗ ಆ ಗೆರೆಗಳು ಕುಣಿಯತೊಡಗಿದವು. ಯಾವ ಆಟಗಾರ ಎಲ್ಲಿಗೆ ಓಡುತ್ತಾನೆಂದು ನೆನಪಿನಿಂದಲೇ ಊಹಿಸಿ ಎಸೆಯಬೇಕಾಗಿ ಬಂದು, ಅಂಗೈ ಬೆವರಿ ಕಂಟ್ರೋಲರ್ ಜಾರಿತು. ಗದ್ದಲವೆಂಬ ಪ್ರಸ್ತುತಿ ಅಲ್ಲಿ ಆಟದ ನಿಯಮವೇ ಆಗಿದೆ.

ಪಂದ್ಯದೊಳಗಿನಿಂದ ಹುಟ್ಟುವ ಪ್ರಸ್ತುತಿಗೆ ಇದಕ್ಕಿಂತ ಹಳೆಯ ಉದಾಹರಣೆ 2004ರ ಅಮೆರಿಕನ್ ಫುಟ್ಬಾಲ್ ಗೇಮ್ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5. ವಿರಾಮದ ವೇಳೆಯಲ್ಲಿ ಟಿವಿ ನಿರೂಪಕ ಕ್ರಿಸ್ ಬರ್ಮನ್ ಬಂದು ನೀವು ಆಗಷ್ಟೇ ಆಡಿದ ಅರ್ಧದ ಮುಖ್ಯ ಕ್ಷಣಗಳನ್ನೇ ತೋರಿಸಿ ಮಾತನಾಡುತ್ತಿದ್ದರು. ವಾರ ಮುಗಿದಾಗ ಲೀಗ್‌ನ ಇತರ ಪಂದ್ಯಗಳ ಸಮೀಕ್ಷೆಯೂ ಬರುತ್ತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎನ್‌ಎಫ್‌ಎಲ್‌ನ ಏಕಸ್ವಾಮ್ಯದ ಪರವಾನಗಿ ಎದುರಾಳಿ ಕಂಪನಿ ಇಎ ಪಾಲಾಗಿ ಆ ಸರಣಿಯ ದಾರಿ ಅಲ್ಲಿಗೇ ಮುಚ್ಚಿತು. ಇಂದಿಗೂ ಜನ ಅದನ್ನು ನೆನೆಯುತ್ತಾರೆ. ಆ ನೆನಪಿಗೆ ಕಾರಣ ಚಿತ್ರಗಳ ಸೊಗಸಲ್ಲ. ನೀವು ಮಾಡಿದ್ದನ್ನು ಯಾರೋ ಕಣ್ಣಾರೆ ಕಂಡಿದ್ದಾರೆ ಎಂಬ ಭಾವವನ್ನು ಆ ಗೇಮ್ ಕೊಟ್ಟಿತ್ತು.

ಎಡಗಾಲಿನ ವಿಂಗರ್:

ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ, ಪೂರ್ತಿ ಅಲ್ಲ. ಕಿವಿಯಿಂದ ಆಡುವವಳು ಹೇಳಿದ್ದನ್ನು ಓದಿದ ಮೇಲೆ ಧ್ವನಿಯನ್ನು ಅಲಂಕಾರದ ಪಟ್ಟಿಯಿಂದ ತೆಗೆದುಬಿಟ್ಟಿದ್ದೇನೆ. ನೈಜತೆಯ ಬೆನ್ನು ಹತ್ತಿ ನೋಟ ಕೆಡಿಸಿಕೊಂಡ ಉದಾಹರಣೆಗಳಿವೆ ಎಂಬುದನ್ನೂ ಒಪ್ಪುತ್ತೇನೆ. 2011ರ ಫಿಫಾ 12ರಲ್ಲಿ ಆಟಗಾರರ ಡಿಕ್ಕಿಯನ್ನು ಭೌತಶಾಸ್ತ್ರದ ಲೆಕ್ಕದಿಂದ ನಿರ್ಧರಿಸುವ ಹೊಸ ವ್ಯವಸ್ಥೆ ಬಂದಾಗ ಟ್ಯಾಕಲ್‌ಗಳು ನಿಜಕ್ಕೂ ಬದಲಾದವು, ಆದರೆ ಕೈಕಾಲು ಹೆಣೆದುಕೊಂಡು ಬಿದ್ದ ಆಟಗಾರರ ದೃಶ್ಯಗಳು ಎಲ್ಲೆಡೆ ಹರಡಿದವು. ಆಗಲೂ ನಾನು ಆ ಬದಲಾವಣೆಯ ಪರವೇ ಇದ್ದೆ, ಈಗಲೂ ಇದ್ದೇನೆ. ಮುಂಚೆ ಬರೆದಿಟ್ಟ ಡಿಕ್ಕಿಗಿಂತ ತಪ್ಪಾಗಿ ನಡೆದ ನಿಜವಾದ ಡಿಕ್ಕಿ ಮೇಲು.

ಆದರೆ ಒಂದು ವಿಷಯದಲ್ಲಿ ಜಗ್ಗುವುದಿಲ್ಲ. ಪ್ರಸ್ತುತಿ ಫಲಿತಾಂಶವನ್ನು ಮೊದಲೇ ಬಿಟ್ಟುಕೊಡಬಾರದು. ಚೆಂಡಿಗೆ ಕಾಲು ತಾಗಿದ ಕ್ಷಣದಲ್ಲೇ ಅದು ಎಲ್ಲಿಗೆ ಹೋಗುತ್ತದೆಂಬ ಲೆಕ್ಕ ಗೇಮ್‌ಗೆ ಸಿದ್ಧವಿರುತ್ತದೆ. ನಾನು ತುಂಬ ದಿನ ಆಡಿದ ಒಂದು ಗೇಮ್‌ನಲ್ಲಿ, ಗೋಲಾಗುವ ಹೊಡೆತಕ್ಕೆ ಮಾತ್ರ ಪ್ರೇಕ್ಷಕರ ಸದ್ದು ಕಾಲು ಸೆಕೆಂಡ್ ಮುಂಚೆ ಏರುತ್ತಿತ್ತು. ಒಮ್ಮೆ ಅದು ಕಿವಿಗೆ ಬಿದ್ದ ಮೇಲೆ ಗೋಲ್‌ಕೀಪರ್ ಹಾರುವುದನ್ನು ನೋಡುವ ಕುತೂಹಲವೇ ಸತ್ತುಹೋಯಿತು. ನಿಜವಾದ ಪ್ರೇಕ್ಷಕರೂ ಹೊಡೆತಕ್ಕೆ ಮುಂಚೆ ಎದ್ದು ನಿಲ್ಲುತ್ತಾರೆ, ಆದರೆ ಅವರು ಆಸೆಯಿಂದ ಏಳುತ್ತಾರೆ, ಲೆಕ್ಕ ತಿಳಿದು ಏಳುವುದಿಲ್ಲ. ಹೊರಗೆ ಹೋಗುವ ಹೊಡೆತಕ್ಕೂ ಅಷ್ಟೇ ಜೋರಾಗಿ ಏಳಬೇಕು, ಆಮೇಲೆ ನಿಟ್ಟುಸಿರು ಬಿಡಬೇಕು.

ಬೆಂಚಿನ ಕೋಚ್:

ಕ್ರಿಕೆಟ್‌ನಲ್ಲಿಯೂ ಹೀಗೆಯೇ. ಅಂಚು ತಾಗಿದೊಡನೆ ಕ್ಯಾಮೆರಾ ಸ್ಲಿಪ್‌ನತ್ತ ಜಿಗಿದರೆ ಕ್ಯಾಚ್ ಖಚಿತ, ಜಿಗಿಯದಿದ್ದರೆ ಬೌಂಡರಿ. ನೋಡುವ ಮುಂಚೆಯೇ ಗೊತ್ತಾಗಿಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ನನಗೆ ಅತ್ಯಂತ ಹೆಚ್ಚು ಉಸಿರು ಬಿಗಿಹಿಡಿಸಿದ್ದು, ಆಡುವ ಬದಲು ತಂಡ ನಡೆಸುವ ಮ್ಯಾನೇಜ್‌ಮೆಂಟ್ ಗೇಮ್‌ಗಳ ಪಠ್ಯ ಕಾಮೆಂಟರಿ. ಮೈದಾನವನ್ನು ಮೇಲಿನಿಂದ ಚುಕ್ಕೆಗಳಲ್ಲಿ ತೋರಿಸುವ ಕ್ರಮ ಬಂದದ್ದು 2003ರ ಚಾಂಪಿಯನ್‌ಶಿಪ್ ಮ್ಯಾನೇಜರ್ 4ರಲ್ಲಿ. ಮೂರು ಆಯಾಮದ ಪಂದ್ಯ ಬಂದದ್ದು ಫುಟ್ಬಾಲ್ ಮ್ಯಾನೇಜರ್ 2009ರಲ್ಲಿ. ಇವೆರಡಕ್ಕೂ ಹಿಂದೆ ಪರದೆಯ ಮೇಲೆ ಒಂದು ಸಾಲು ಮಾತ್ರ ಮಿನುಗುತ್ತಿತ್ತು: ಇಂಥವನು ಹೊಡೆಯುತ್ತಾನೆ. ಮುಂದಿನ ಸಾಲು ಬರುವವರೆಗಿನ ಆ ವಿರಾಮವೇ ಪ್ರಸ್ತುತಿ. ಅದಕ್ಕೆ ಬೇಕಾಗಿದ್ದದ್ದು ತಾಳ್ಮೆ ಮಾತ್ರ.

ಸ್ಲೈಡರ್ ಪ್ರಿಯ:

ಆ ವಿರಾಮದ ಮಾತು ಸರಿಯಾಗಿದೆ. ಕಾಮೆಂಟರಿಯ ತಯಾರಿಕೆಯಲ್ಲಿಯೂ ಆ ತಾಳ್ಮೆ ಬೇಕು. ಒಂದೇ ಉಪನಾಮವನ್ನು ಶಾಂತವಾಗಿ, ಏರುದನಿಯಲ್ಲಿ, ಕೂಗಿ ಹೀಗೆ ಹಲವು ಬಗೆಯಲ್ಲಿ ಧ್ವನಿಮುದ್ರಿಸಿ, ವಾಕ್ಯಗಳ ನಡುವೆ ಜೋಡಿಸುತ್ತಾರೆ. ಜೋಡಣೆ ಎಷ್ಟೇ ನಯವಾಗಿದ್ದರೂ, ಗೋಲ್‌ಕೀಪರ್‌ನ ಎದೆಗೆ ನೇರವಾಗಿ ಬಂದ ಚೆಂಡನ್ನು ಅದ್ಭುತ ಸೇವ್ ಎಂದು ಗೇಮ್ ತಪ್ಪಾಗಿ ವರ್ಗೀಕರಿಸಿದರೆ ಎಲ್ಲವೂ ವ್ಯರ್ಥ. ಹಾಗಾಗಿ ಒಳ್ಳೆಯ ಕಾಮೆಂಟರಿಗೆ ಹೆಚ್ಚು ವಾಕ್ಯಗಳು ಬೇಕೆಂದು ಕೇಳುವವರಿಗೆ ನನ್ನ ಉತ್ತರ ಬೇರೆಯೇ ಇದೆ: ಹೊಡೆತ ಎಷ್ಟು ಕಷ್ಟದ್ದಾಗಿತ್ತು, ಕೀಪರ್ ಎಷ್ಟು ದೂರ ಹಾರಿದ, ನೋಟಕ್ಕೆ ಎಷ್ಟು ಜನ ಅಡ್ಡವಿದ್ದರು ಎಂದು ಆಟದ ಕೋಡೇ ಅಳೆದು ಹೇಳಬೇಕು. ಗೇಮ್‌ಪ್ಲೇ ಬರೆಯುವವರು ಮತ್ತು ಕಾಮೆಂಟರಿ ಬರೆಯುವವರು ಒಂದೇ ಕೋಣೆಯಲ್ಲಿ ಕುಳಿತು ಮಾಡಬೇಕಾದ ಕೆಲಸವದು. ಎತ್ತು ಏರಿಗೆ ಕೋಣ ನೀರಿಗೆ ಎಳೆದರೆ ನಡೆಯುವುದಿಲ್ಲ.

ಕಿವಿಯಿಂದ ಆಡುವವಳು:

ಎಡಗಾಲಿನ ವಿಂಗರ್ ಅವರು ಹೇಳಿದ ಕಾಲು ಸೆಕೆಂಡ್ ಮುಂಚಿನ ಸದ್ದು ನನಗೂ ಪರಿಚಿತ. ಅದನ್ನು ತೆಗೆದರೆ ನನಗೆ ಕಷ್ಟವಾಗುತ್ತದೆಯೇ ಎಂದು ಯೋಚಿಸಿದೆ. ಆಗುವುದಿಲ್ಲ. ನನಗೆ ಬೇಕಾದದ್ದು ಚೆಂಡು ಎಲ್ಲಿದೆ ಎಂಬುದು ಮಾತ್ರ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಲ್ಲ. ನನಗೂ ಕೊನೆಯವರೆಗೆ ಕಾಯುವ ಆಸೆಯಿದೆ.

ಮೂರನೇ ಸ್ಲಿಪ್:

ನಿಮ್ಮೆಲ್ಲರ ಮಾತು ಓದಿದ ಮೇಲೆ ನಿನ್ನೆ ಒಂದು ಪ್ರಯೋಗ ಮಾಡಿದೆ. ಐದು ದಿನದ ಪಂದ್ಯದ ಕೊನೆಯ ದಿನ, ಎದುರಾಳಿಗಳ ಎರಡು ವಿಕೆಟ್ ಬಾಕಿ. ಬ್ಯಾಟ್ಸ್‌ಮನ್ ಕ್ರೀಸ್‌ಗೆ ನಡೆದು ಬರುವ ದೃಶ್ಯ, ಪ್ರತಿ ಚೆಂಡಿನ ನಂತರದ ರಿಪ್ಲೇ, ಓವರ್‌ಗಳ ನಡುವಿನ ಅಂಕಿಅಂಶದ ಫಲಕ ಎಲ್ಲವನ್ನೂ ಆಫ್ ಮಾಡಿಟ್ಟೆ. ಕಾಮೆಂಟರಿಯ ಧ್ವನಿ ತಗ್ಗಿಸಿ, ಮೈದಾನದ ಸದ್ದು ಏರಿಸಿ, ಹೆಡ್‌ಫೋನ್ ಹಾಕಿಕೊಂಡು, ಪರದೆಯಿಂದ ಕಣ್ಣು ಸ್ವಲ್ಪ ಸರಿಸಿ ಬೌಲಿಂಗ್ ಮಾಡಿದೆ.

ಹನ್ನೊಂದು ಓವರ್ ಅಷ್ಟು ಬೇಗ ಸರಿದವು, ನಡುವೆ ಒಮ್ಮೆಯೂ ಬಟನ್ ಒತ್ತಿ ದೃಶ್ಯ ದಾಟಿಸಬೇಕಾಗಲಿಲ್ಲ. ಆದರೆ ಒಂಬತ್ತನೆಯ ವಿಕೆಟ್ ಬಿದ್ದಾಗ ಏನೋ ಕೊರತೆ ಕಾಡಿತು. ಹೊಸ ಬ್ಯಾಟ್ಸ್‌ಮನ್ ಇದ್ದಕ್ಕಿದ್ದಂತೆ ಕ್ರೀಸ್‌ನಲ್ಲಿ ನಿಂತಿದ್ದ. ಅವನು ನಡೆದು ಬರುವಷ್ಟು ಹೊತ್ತು ನನಗೆ ಬೇಕಾಗಿತ್ತು: ಫೀಲ್ಡರ್‌ಗಳನ್ನು ಹತ್ತಿರ ತರಬೇಕೋ ಬೇಡವೋ ಎಂದು ಯೋಚಿಸಲು, ಒಮ್ಮೆ ಉಸಿರೆಳೆದುಕೊಳ್ಳಲು. ಹಿಂದಕ್ಕೆ ಹೋಗಿ ಆ ಒಂದು ದೃಶ್ಯವನ್ನು ಮಾತ್ರ ಮತ್ತೆ ಆನ್ ಮಾಡಿದ್ದೇನೆ, ಉಳಿದವು ಆಫ್ ಆಗಿಯೇ ಇವೆ. ಕೊನೆಯ ವಿಕೆಟ್ ಇನ್ನೂ ಬಿದ್ದಿಲ್ಲ. ಪಂದ್ಯವನ್ನು ಅಲ್ಲಿಗೇ ಸೇವ್ ಮಾಡಿಟ್ಟಿದ್ದೇನೆ, ನಾಲ್ಕು ಓವರ್ ಉಳಿದಿವೆ.